ಹೆಸರು ಬಿಟ್ಟುಹೋದ ಸಭೆ

ವನಜಾ ಭಾಷಣ ಕಲಿಯಲು ಪ್ರತಿ ಭಾನುವಾರ ಮಂಡ್ಯಕ್ಕೆ ಹೋಗುತ್ತಾಳೆಂದು ಗೊತ್ತಾದಾಗ ಅವಳ ತಾಯಿ ಚಲುವಮ್ಮ ದಂಗಾಗಿಹೋದಳು. ಆ ಮನೆಯಲ್ಲಿ ಮಾತು ಕಲಿಸಬೇಕಾದಂಥವರು ಯಾರೂ ಹುಟ್ಟಿರಲೇ ಇಲ್ಲ. ಬಾಯಿ ಮುಚ್ಚಿಸುವುದೇ ದೊಡ್ಡ ಕೆಲಸವಾಗಿತ್ತು. ಆದರೂ ಮದ್ದೂರಿನ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ಮಗಳು ದುಡ್ಡು ಕಟ್ಟಿ ಮಾತು ಕಲಿಯುತ್ತಿದ್ದಳು. ಸಭಿಕರ ಹಣೆಯನ್ನೇ ನೋಡಬೇಕಂತೆ, ಮುಖ್ಯವಾದ ಮಾತಿಗೆ ಮುಂಚೆ ಒಂದು ಗಳಿಗೆ ಸುಮ್ಮನಿರಬೇಕಂತೆ.

ಇದಕ್ಕೆಲ್ಲ ಕಾರಣ ಒಂದು ಕೋಣೆ. ಬೆಳಕವಾಡಿಯ ಪಕ್ಕದ ಅವರ ಊರಿನ ಅಂಬೇಡ್ಕರ್ ಭವನದ ಹಿಂದೆ ಲೈಟು, ಫ್ಯಾನು ಎರಡೂ ಇದ್ದ ಕೋಣೆಯೊಂದಿತ್ತು. ಅದರ ತುಂಬ ಊರ ಯಜಮಾನ ಪುಟ್ಟಮಾದಯ್ಯನ ಈರುಳ್ಳಿ. ಬೀಗದ ಕೈಯೂ ಅವನ ಉಡಿದಾರದಲ್ಲೇ. ಊರಿನ ಮಕ್ಕಳಿಗೆ ಓದಿಕೊಳ್ಳಲು ಆ ಕೋಣೆ ಬೇಕೆಂದು ವನಜಾ ಹಟ ಹಿಡಿದಿದ್ದಳು. ಪುಟ್ಟಮಾದಯ್ಯ ಅವಳಿಗೆ ದೊಡ್ಡಪ್ಪನಾಗಬೇಕು.

"ನಾನೊಬ್ನೇ ಏಳಾಕಾಯ್ತದಾ ಮಗಾ?" ಎಂದು ಅವನು ಜಾರಿಕೊಂಡಿದ್ದ. "ಜಯಂತಿ ಸಭೇಲಿ ಎದ್ದು ಕೇಳು. ಜನ ಊಂ ಅಂದ್ರೆ ಕೊಡ್ತೀನಿ."

ಜನ ಹೂಂ ಅನ್ನುವುದಿರಲಿ, ಭಾಷಣ ಕೇಳಿಸಿಕೊಳ್ಳುವುದೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವನಜಾ ಮನೆಯಲ್ಲಿ ಅಭ್ಯಾಸ ಶುರು ಮಾಡಿದಳು. "ವಿದ್ಯೆಯೆಂಬ ಮಹಾಜ್ಯೋತಿಯು ಅಜ್ಞಾನದ ಅಂಧಕಾರವನ್ನು ಸೀಳಿ, ಛಿದ್ರಗೊಳಿಸಿ..." ಎಂದು ಕೈ ಬೀಸುವಾಗ ಸೊಪ್ಪು ಬಿಡಿಸುತ್ತಿದ್ದ ಚಲುವಮ್ಮ ಗಾಬರಿಯಿಂದ ತಲೆ ಎತ್ತಿದಳು.

"ಯಾರ್ ಮ್ಯಾಲವ್ವಾ ಇಷ್ಟೊಂದು ಸಿಟ್ಟು?"

ಅಂಬೇಡ್ಕರ್ ಜಯಂತಿಯ ದಿನ ಮೈಕು ಊರಿನ ಹುಡುಗ ನಾಗರಾಜುವಿನ ಕೈಗೆ ಸಿಕ್ಕಿತು. ಸ್ವಾಗತ ಮಾಡುವುದೆಂದರೆ ಅವನಿಗೆ ಪ್ರಾಣ. ವೇದಿಕೆ ಅಲಂಕರಿಸಿದವರು, ಮುಂದಿನ ಸಾಲಿನವರು, ಹಾಲಿಗಳು, ಮಾಜಿಗಳು, ಶಾಮಿಯಾನದವರು, ಒಬ್ಬೊಬ್ಬರ ಹೆಸರಿಗೂ ಮೂರು ಮೂರು ವಿಶೇಷಣ. ಆ ಊರಿನಲ್ಲಿ ಊಟಕ್ಕೆ ಕರೆಯುವುದು ಮರೆತರೂ ಕ್ಷಮೆಯುಂಟು, ಸ್ವಾಗತದಲ್ಲಿ ಹೆಸರು ಬಿಟ್ಟರೆ ಇಲ್ಲ. ಹೋದ ವರ್ಷ ತಮ್ಮನ ಹೆಸರು ಹೇಳಿ ಅಣ್ಣನದು ಬಿಟ್ಟದ್ದಕ್ಕೆ ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಮಾತೇ ನಿಂತಿತ್ತು.

ಸಭೆಯಲ್ಲಿ ಗುಜುಗುಜು. ಕುಳಿತಲ್ಲೇ ವನಜಾ ಒಂದು ವಿಷಯ ಗಮನಿಸಿದಳು. ಯಾರೂ ಏನನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ತಮ್ಮ ಹೆಸರು ಬಂದಾಗ ಮಾತ್ರ ಒಬ್ಬೊಬ್ಬರೂ ನೆಟ್ಟಗೆ ಕೂತು, ಟವೆಲ್ ಸರಿಮಾಡಿಕೊಂಡು, ಮತ್ತೆ ಪಕ್ಕದವರ ಜೊತೆ ಹರಟೆಗಿಳಿಯುತ್ತಿದ್ದರು.

ಅಷ್ಟು ಹೆಸರು ಹೇಳಿದ ನಾಗರಾಜು ವೇದಿಕೆಯ ಕೊನೆಯ ಕುರ್ಚಿಯಲ್ಲಿದ್ದ ಪುಟ್ಟಮಾದಯ್ಯನನ್ನೇ ಮರೆತುಬಿಟ್ಟ. ಮುದುಕನ ಮುಖ ಕಪ್ಪಿಟ್ಟಿತು. ಕೈ ಉಡಿದಾರದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಅದು ವನಜಾಳ ಕಣ್ಣಿಗೆ ಬಿತ್ತು. ಇನ್ನು ಕೋಣೆ ಸಿಕ್ಕಿದಂತೆಯೇ!

ಪಲಾವಿನ ಘಮಲು ಹರಡಿದಾಗ ಹಿಂದಿನ ಸಾಲು ಆಗಲೇ ಎದ್ದು ನಿಂತಿತ್ತು. "ಎಲ್ಡೇ ಮಾತು ಕಣಕ್ಕಾ," ಎಂದು ನಾಗರಾಜು ಅವಳ ಕೈಗೆ ಮೈಕು ಕೊಟ್ಟ.

ಮಹಾಜ್ಯೋತಿಯನ್ನು ಅಲ್ಲೇ ಆರಿಸಿ ವನಜಾ ನೇರವಾಗಿ ಕರೆದಳು. "ಸಿದ್ದರಾಜಣ್ಣ!"

ಎದ್ದು ಹೊರಟಿದ್ದ ಸಿದ್ದರಾಜು ನಿಂತ.

"ನಿನ್ ಮಗಳು ದೀಪಿಕ ಎಲ್ಲಿ ಓದ್ತಳೆ ಗೊತ್ತಾ? ಒಲೆ ಮುಂದೆ. ಒಂದ್ ಕೈಲಿ ಪುಸ್ತಕ, ಒಂದ್ ಕೈಲಿ ಮುದ್ದೆ ಕೋಲು."

"ಅದ್ಕೇಯಾ ಮುದ್ದೆ ಗಂಟ್‌ಗಂಟಾಗಾದು!" ಎಂದು ಸಿದ್ದರಾಜುವಿನ ಹೆಂಡತಿ ಕೂಗಿದಳು. ಸಭೆ ಗೊಳ್ಳೆಂದಿತು. ಎದ್ದವರು ಕುಳಿತರು.

"ಮಹದೇವಣ್ಣ, ನಿನ್ ಮಗ ಸ್ವರೂಪ ಬಸ್ ಸ್ಟ್ಯಾಂಡ್ ಕಲ್ಲ್ ಮ್ಯಾಲೆ ಓದ್ತನೆ. ಮಳವಳ್ಳಿಗೋಗೊ ಬಸ್ಸೆಲ್ಲ ಅವನಿಗೋಸ್ಕರ ನಿಲ್ತವೆ. ಬಸ್ಸತ್ತಾಕಿಲ್ಲ ಅಂತ ಕಂಡಕ್ಟರ್ರೆಲ್ಲ ಬಯ್ತರೆ."

ಮುಂದಿನ ಹೆಸರು ತಮ್ಮದೇ ಇರಬಹುದೆಂದು ಪ್ರತಿಯೊಬ್ಬರೂ ಕಿವಿ ನೆಟ್ಟಗೆ ಮಾಡಿದ್ದರು.

"ಇನ್ನು ಮಂಜುಶ್ರೀ," ಎಂದು ವನಜಾ ಸುಮ್ಮನಾದಳು. ಮಂಡ್ಯದಲ್ಲಿ ಕಟ್ಟಿದ ದುಡ್ಡಿಗೆ ಅಷ್ಟಾದರೂ ಉಪಯೋಗವಾಯಿತು. "ಈ ಭವನಕ್ಕೆ ಮೊದಲ್ನೇ ಗುದ್ದಲಿ ಆಕಿದ ನಮ್ ದೊಡ್ಡಪ್ಪ ಪುಟ್ಟಮಾದಯ್ಯನೋರ ಮೊಮ್ಮಗಳು."

ಮುದುಕ ತಲೆ ಎತ್ತಿದ. ನಾಗರಾಜು ನಾಲಿಗೆ ಕಚ್ಚಿಕೊಂಡ.

"ತಾತನ ನಿದ್ದೆ ಕೆಡ್ತದೆ ಅಂತ ಲೈಟಾರಿಸಿ ಕಂಬಳಿ ಒಳಗೆ ಮೊಬೈಲ್ ಬೆಳಕಲ್ಲಿ ಓದ್ತಳೆ. ದೊಡ್ಡಪ್ಪ, ಭವನದಾಗೆ ನಿನ್ ಈರುಳ್ಳಿಗೆ ಲೈಟದೆ, ಫ್ಯಾನದೆ. ನಿನ್ ಮೊಮ್ಮಗಳಿಗೆ ಎಲ್ಡೂ ಇಲ್ಲ. ನಾನು ಕೇಳಾದು ಅಷ್ಟೇ."

ಎಲ್ಲರೂ ಪುಟ್ಟಮಾದಯ್ಯನನ್ನೇ ನೋಡುತ್ತಿದ್ದರು. ಅವನು ಎದ್ದು ಬಂದು ಉಡಿದಾರದಿಂದ ಬೀಗದ ಕೈ ಬಿಚ್ಚಿದ. ಗಂಟು ಬಿಗಿಯಾಗಿತ್ತು.

"ಈರುಳ್ಳಿ ನಾಳೆ ಎತ್ತಿಸ್ತೀನಿ. ಫ್ಯಾನು ಮುಟ್ಟಾಕಿಲ್ಲ," ಎಂದು ಅದನ್ನು ವನಜಾಳ ಅಂಗೈಯಲ್ಲಿಟ್ಟ. ಆಮೇಲೆ ನಾಗರಾಜುವಿನ ಕಡೆ ತಿರುಗಿದ. "ಈಗ ಏಳ್ಲಾ ನನ್ನೆಸ್ರ. ಗಟ್ಟಿಯಾಗಿ ಏಳು."

ನಾಗರಾಜು ಐದು ವಿಶೇಷಣ ಹಚ್ಚಿ ಹೇಳಿದ. ಅದೇ ಹುಮ್ಮಸ್ಸಿನಲ್ಲಿ ವಂದನಾರ್ಪಣೆಗೂ ಇಳಿದ. ಅಡಿಗೆಯವರಿಗೆ, ಮೈಕ್‌ಸೆಟ್ಟಿನವರಿಗೆ, ಕರೆಂಟು ತೆಗೆಯದ ಲೈನ್‌ಮನ್ನಿಗೆ, ಎಲ್ಲರಿಗೂ ವಂದನೆ ಹೇಳಿದ. ವನಜಾಳ ಹೆಸರೇ ಬರಲಿಲ್ಲ.

ಹೆಸರಿಗಾಗಿ ಮುನಿಸಿಕೊಳ್ಳುವವರನ್ನು ಕಂಡು ವರ್ಷಗಟ್ಟಲೆ ನಕ್ಕಿದ್ದ ವನಜಾಳಿಗೆ ಮೈಯೆಲ್ಲ ಉರಿದುಹೋಯಿತು. ಕೋಣೆಯ ಬೀಗದ ಕೈ ಮುಷ್ಟಿಯಲ್ಲೇ ಇದ್ದರೂ ಕಣ್ಣಲ್ಲಿ ನೀರು ತುಂಬಿತು. ಏನು ಮಾಡಿದರೂ ತಡೆಯಲಾಗಲಿಲ್ಲ.

"ಕೀ ಸಿಕ್ತಲ್ಲ, ಬುಡವ್ವ," ಎಂದಳು ಚಲುವಮ್ಮ.

"ಬುಡಕ್ಕಾಯ್ತದಾ? ಲೈನ್‌ಮನ್ ಎಸ್ರು ಏಳ್ದ ಕಣವ್ವಾ ಅವನು!"

ಪಂಕ್ತಿಯಲ್ಲಿ ಆಗಲೇ ಎಲೆ ಮುಂದೆ ಕುಳಿತಿದ್ದ ಪುಟ್ಟಮಾದಯ್ಯ ಅವಳ ಮುಖ ನೋಡಿ ಸರಿದು ಜಾಗ ಮಾಡಿದ.

"ಬಾ ಮಗಾ, ನನ್ ಪಕ್ಕ ಕೂತ್ಕೊ," ಎಂದ. "ಎಂಗುರೀತದೆ ಅಂತ ನಂಗೊತ್ತು."