ಬೋರ್ಡಿನ ಮೇಲಿನ ‘ಡಾ.’

ಹರಿತಾಳ ಕ್ಲಿನಿಕ್ಕಿಗೆ ಬೋರ್ಡು ಹಾಕಿಸಿದ್ದು ಕಟ್ಟಡದ ಮಾಲೀಕರಾದ ಬಾಬಾಜಾನ್ ಸಾಬರು. ಚಿಂತಾಮಣಿಯ ಆ ಕಟ್ಟಡದಲ್ಲಿ ಕೆಳಗೆ ಅವರ ರೇಷ್ಮೆ ನೂಲಿನ ಅಂಗಡಿ, ಮೇಲೆ ಇವಳ ಬಾಡಿಗೆ ಕೋಣೆ. ಪ್ರೀತಿಯಿಂದ, ಯಾರನ್ನೂ ಕೇಳದೆ, ‘ಡಾ. ಹರಿತಾ, ಮಾತಿನ ಸ್ಪೆಷಲಿಸ್ಟ್’ ಎಂದು ಕೆಂಪು ಅಕ್ಷರದಲ್ಲಿ ಬರೆಸಿ ಮೊಳೆ ಹೊಡೆಸಿಬಿಟ್ಟಿದ್ದರು. ಹರಿತಾ ಅದನ್ನು ನೋಡಿದವಳೇ ಕೆಳಗೆ ಅಂಗಡಿಗೆ ಓಡಿದಳು.

“ಸಾಬ್ರೆ, ನಾನು ಡಾಕ್ಟ್ರಲ್ಲ. ಸ್ಪೀಚ್ ಥೆರಪಿಸ್ಟು. ಅದಕ್ಕೇ ಓದಿದೀನಿ, ಅದಕ್ಕೇ ಪುನರ್ವಸತಿ ಪರಿಷತ್ತಲ್ಲಿ ರಿಜಿಸ್ಟ್ರೇಷನ್ ಇದೆ. ಇಲ್ದಿರೋ ಪದವಿ ಹಾಕ್ಕೊಂಡ್ರೆ ಇರೋ ಲೈಸೆನ್ಸೂ ಹೋಗುತ್ತೆ.”

“ಅರೆ ಹರಿತಮ್ಮ, ನಿಮ್ಗಿಂತ ಮುಂಚೆ ಇದೇ ರೂಮ್ನಾಗೆ ಮೂಲವ್ಯಾಧಿ ಡಾಕ್ಟ್ರಿದ್ದ. ಎಸ್ಸೆಸ್ಸೆಲ್ಸಿ ಫೇಲು! ರಸ್ತೆ ತನ್ಕ ಕ್ಯೂ ಇರ್ತಿತ್ತು. ಬೆಂಚು ಹಾಕ್ಸಿದ್ದೆ, ಒಬ್ರಾದ್ರೂ ಕೂತ್ಕೊಂಡಿದ್ರೆ ಕೇಳಿ.”

ಹರಿತಾಗೆ ನಗು ತಡೆಯಲಾಗಲಿಲ್ಲ. ಆದರೂ ಏಣಿ ತರಿಸಿ ಹತ್ತಿ, ‘ಡಾ.’ ಮೇಲೆ ಬಿಳಿ ಕಾಗದ ಅಂಟಿಸಿದಳು. ಅಲ್ಲಿಗೆ ಅವಳ ಪ್ರಾಮಾಣಿಕತೆ ಉಳಿಯಿತು, ಸಂಪಾದನೆ ನಿಂತಿತು.

ಮೊದಲೇ ಬರೆಸದಿದ್ದರೆ ಊರಿನವರು ಯಾರೂ ಕೇಳುತ್ತಿರಲಿಲ್ಲ. ಇದ್ದದ್ದನ್ನು ಮುಚ್ಚಿದ್ದಾರೆಂದರೆ ಸರ್ಕಾರ ಕಿತ್ತುಕೊಂಡಿದೆ ಎಂದೇ ಅರ್ಥವಲ್ಲವೇ? ಯಾರದೋ ನಾಲಿಗೆ ಆಪರೇಷನ್ ಮಾಡಿ ಕೆಡಿಸಿದಳಂತೆ ಎಂದು ಮಾರುಕಟ್ಟೆಯಲ್ಲಿ ಸುದ್ದಿಯಾಯಿತು. ಪಾಪ, ಅವಳು ಯಾರ ಬಾಯಿಗಾದರೂ ಇಟ್ಟಿದ್ದ ಅತಿ ಭಯಂಕರ ಆಯುಧವೆಂದರೆ ಐಸ್‌ಕ್ರೀಮ್ ಕಡ್ಡಿ. ಮಕ್ಕಳನ್ನು ಕರೆತರುತ್ತಿದ್ದ ತಾಯಂದಿರು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಕೊನೆಗೆ ಉಳಿದವರು ನರಸಿಂಹಪ್ಪನವರೊಬ್ಬರೇ.

ನರಸಿಂಹಪ್ಪ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಲಕ್ವ ಹೊಡೆದು ಮಾತೆಲ್ಲ ಹೋಗಿ ಒಂದೇ ಒಂದು ಬೈಗುಳ ಉಳಿದಿತ್ತು: “ನಿನ್ ಪಿಂಡ!” ನೀರು ಬೇಕಾದರೂ ಅದೇ, ಸಾಕಾದರೂ ಅದೇ. ತೀರ್ಥ ಕೊಟ್ಟ ಪೂಜಾರಿಗೂ ಅದೇ, ಆರೋಗ್ಯ ವಿಚಾರಿಸಲು ಬಂದ ಬೀಗರಿಗೂ ಅದೇ ಆಶೀರ್ವಾದ. ಹೆಂಡತಿ ರಾಮಲಕ್ಷ್ಮಮ್ಮ ನಾಚಿಕೆಯಿಂದ ಮನೆಗೆ ಯಾರನ್ನೂ ಕರೆಯುತ್ತಿರಲಿಲ್ಲ. ಅದು ಅವರು ಬೈಯುವುದಲ್ಲ, ಬಾಯಿ ತಾನಾಗಿ ಉದುರಿಸುವುದು ಎಂದು ಹರಿತಾ ಆಕೆಗೆ ತಿಳಿಹೇಳಿದ್ದಳು. ಹರಾಜಿನ ಲಯದಲ್ಲೇ ಮೇಜು ಕುಟ್ಟಿ ಕೂಗಿಸಿ ಕೂಗಿಸಿದ ಮೇಲೆ, ಈಗ ನರಸಿಂಹಪ್ಪ ಅವಳು ‘ಬಾ’ ಎಂದರೆ ‘ಬಾ’ ಎನ್ನುವ ಮಟ್ಟಕ್ಕೆ ಬಂದಿದ್ದರು. ತಾವಾಗಿ ಒಂದು ಮಾತೂ ಆಡಿರಲಿಲ್ಲ. ಈಗ ಕಲಿಸುವುದನ್ನು ಬಿಟ್ಟರೆ ಈ ಮನುಷ್ಯ ಆ ಬೈಗುಳದಲ್ಲೇ ಬದುಕು ಮುಗಿಸಬೇಕಾದೀತು ಎಂದು ಅವಳಿಗೆ ನಿಜವಾಗಿಯೂ ಭಯವಿತ್ತು.

ಒಂದು ಬೆಳಿಗ್ಗೆ ರಾಮಲಕ್ಷ್ಮಮ್ಮ ಗಂಡನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದವರು ಕೂರಲೇ ಇಲ್ಲ.

“ಬಸ್ ಸ್ಟ್ಯಾಂಡ್ ಹತ್ರ ಕಿವಿ ಮಿಷಿನ್ ಮಾರೋರು ಇದಾರಲ್ಲಮ್ಮ, ಅವ್ರೂ ಡಾಕ್ಟ್ರಂತೆ. ಯುಗಾದಿ ಒಳ್ಗೆ ಮಾತು ಗ್ಯಾರಂಟಿ ಅಂತಾರೆ. ನೀವೇನಂತೀರಿ?”

“ಗ್ಯಾರಂಟಿ ಕೊಡೋಕೆ ಇವ್ರೇನು ಮಿಕ್ಸಿನಾಮ್ಮ? ಮಾತು ಬರ್ತಾ ಇದೆ. ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅಂತ ನಂಗೂ ಗೊತ್ತಿಲ್ಲ.”

“ನಿಮ್ದು ಡಾಕ್ಟ್ರು ಕ್ಯಾನ್ಸಲ್ ಆಗೈತಂತೆ. ದಿಟವೇ?”

ಬಾಡಿಗೆದಾರಳ ಕಷ್ಟ ನೋಡಲಾರದೆ ಹಿಂದೆಯೇ ಹತ್ತಿ ಬಂದಿದ್ದ ಬಾಬಾಜಾನ್ ಸಾಬರು ಬಾಗಿಲಲ್ಲಿ ನಿಂತು, “ರಿನೀವಲ್‌ಗೆ ಹೋಗೈತೆ ಅನ್ನಿ,” ಎಂದು ಪಿಸುಗುಟ್ಟಿದರು. ಅಷ್ಟು ಅಂದಿದ್ದರೆ ಸಾಕಿತ್ತು. ಆದರೆ ಹರಿತಾ ತಲೆಯಾಡಿಸಿದಳು.

“ಕ್ಯಾನ್ಸಲ್ ಆಗೋಕೆ ಅದು ಯಾವತ್ತೂ ಇರ್ಲೇ ಇಲ್ಲಮ್ಮ. ನಾನು ಡಾಕ್ಟ್ರಲ್ಲ. ಮಾತು ಹೋದವ್ರಿಗೆ ಮಾತು ಕಲ್ಸೋದು ನನ್ನ ಕೆಲ್ಸ. ಅದರ ಲೈಸೆನ್ಸು ಅಲ್ಲಿ ಗೋಡೆ ಮೇಲಿದೆ, ನೋಡಿ.”

ರಾಮಲಕ್ಷ್ಮಮ್ಮ ನೋಡಿದರು. ಅದರಲ್ಲಿ ಒಂದೂ ಕೆಂಪು ಅಕ್ಷರವಿರಲಿಲ್ಲ.

“ಹೋಗಣ ಬನ್ನಿ,” ಎಂದು ಗಂಡನ ಕೈ ಎಳೆದರು.

ನರಸಿಂಹಪ್ಪ ಕೈ ಕೊಸರಿಕೊಂಡರು. ಹೋಗಿ ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತು ಮೇಜು ಕುಟ್ಟತೊಡಗಿದರು. ತುಟಿ ಸೊಟ್ಟಗಾಯಿತು, ಹಣೆಯಲ್ಲಿ ಬೆವರೊಡೆಯಿತು. ಮೊದಲಕ್ಷರ ಹೇಳಿಕೊಡಲು ಹರಿತಾಳ ನಾಲಿಗೆ ತುರಿಸಿತು. ತುಟಿ ಕಚ್ಚಿ ಹಿಡಿದಳು.

“ಕುಂ... ಕುಂತ್ಕೋ.”

ಹೆಂಡತಿಯ ಮುಖವನ್ನೇ ನೋಡುತ್ತ ಅಂದಿದ್ದರು. ಆಕೆ ಬಾಯಿ ಬಿಟ್ಟುಕೊಂಡು ನಿಂತೇ ಇದ್ದುದನ್ನು ಕಂಡು, ಮಂಡಿಯ ಕೊನೆಯ ಸಾಲಿಗೂ ಕೇಳುವಂತೆ ಗುಡುಗಿದರು.

“ಕುಂತ್ಕೋ! ನಿನ್ ಪಿಂಡ!”

ರಾಮಲಕ್ಷ್ಮಮ್ಮ ದೊಪ್ಪನೆ ಕೂತು ಸೆರಗನ್ನು ಬಾಯಿಗೊತ್ತಿಕೊಂಡರು. ಹರಿತಾ ಗಾಬರಿಯಾಗಿ ಹತ್ತಿರ ಬಂದಳು.

“ಬೇಜಾರ್ಮಾಡ್ಕೋಬೇಡಿ ಅಮ್ಮ, ಆ ಬೈಗುಳ ಬಾಯಿಗೆ ತಾನಾಗೇ...”

“ಸುಮ್ಕಿರಮ್ಮ,” ಎಂದರು ರಾಮಲಕ್ಷ್ಮಮ್ಮ. ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿತ್ತು. “ಇಷ್ಟು ದಿನ ತಾನಾಗೇ ಬರ್ತಿತ್ತು. ಇವತ್ತು ನಂಗೇ ಬೈದ್ರು.”