ಲಾರಿ ಸಿನಿಮಾದ ಹುಡುಗಿ

"ನೀ ಹೇಳಿದ ಲಾರಿ ಸಿನಿಮಾ ಪೂರಾ ನೋಡಿದೆ ಬೇ ರಾಮವ್ವ. ಆ ಹುಡುಗಿ ಎಲ್ಲೂ ಬರೂದ ಇಲ್ಲ," ಎನ್ನುತ್ತ ಜೈನಬಿ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯನ್ನು ಮಗ್ಗದ ಪಕ್ಕ ಇಳಿಸಿದಳು.

ರಾಮವ್ವ ಲಾಳಿಯನ್ನು ಕೈಯಲ್ಲಿ ತಡೆದು ಹಿಡಿದಳು. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂತಿದ್ದವಳು ಕತ್ತೆತ್ತಿ ನೋಡಿದಳು.

"ನಡುವ ನಿದ್ದಿ ಹತ್ತಿತ್ತೇನ ನಿನಗ?"

"ನಿದ್ದಿ ಹತ್ತಿದ್ದು ನನ್ನ ಗಂಡ ಸುಭಾನಸಾಬಗ. ಲಾರಿ ಚಾಲೂ ಆಗೂದಕ್ಕ ಅವನ ಗೊರಕಿನೂ ಚಾಲೂ ಆತು. ನಾ ಕಣ್ಣ ಪಿಳುಕಿಸದಂಗ ನೋಡೇನಿ. ಲಾರಿ ಐತಿ, ಡ್ರೈವರ ಅದಾನ, ಅವನ ತಮ್ಮನ್ನ ಯಾರೋ ಕೊಂದಾರ. ಆಮ್ಯಾಲ ಬರೇ ಬಡದಾಟ. ಕಡೀಕ ಲಾರಿ ಸುಟ್ಟು ಹೋಗ್ತೈತಿ, ಸಿನಿಮಾ ಮುಗೀತೈತಿ. ನೀ ಹೇಳಿದ ಹರಕ ಚಪ್ಪಲಿನೂ ಇಲ್ಲ, ಬಸ್‌ಸ್ಟ್ಯಾಂಡೂ ಇಲ್ಲ."

"ಹಂಗಾರ ನೀ ಬ್ಯಾರೆ ಲಾರಿದು ನೋಡಿದಿ."

"ಕೆಂಪ ಲಾರಿದು ಬೇ, ಅದನ್ನ ನೋಡೇನಿ. ಮೂಲಿಮನಿ ಸುಂದರವ್ವಗೂ ನೋಡು ಅಂದಿದ್ದೆಲ್ಲ, ಆಕಿನೂ ಹಿಂಗ ಅಂದಳು. ಇನ್ನ ಎಷ್ಟ ಮಂದಿಗೆ ಹೇಳ್ತಿ?"

ರಾಮವ್ವ ಲಾಳಿ ಎಸೆದಳು. ಮಗ್ಗ ಮತ್ತೆ ಸದ್ದು ಮಾಡತೊಡಗಿತು.

ಗುಳೇದಗುಡ್ಡದ ಆ ಓಣಿಯಲ್ಲಿ ಯಾವ ಸಿನಿಮಾ ನೋಡಬೇಕೆಂದು ಕೇಳಲು ಹೆಂಗಸರು ರಾಮವ್ವನ ಬಳಿಗೇ ಬರುತ್ತಿದ್ದರು. ಮನಸ್ಸಿಗೆ ಬೇಸರವಾಗಿದ್ದರೆ ಪೊಲೀಸ ಮತ್ತು ಕಳ್ಳ ಒಂದೇ ಮನೆಯಲ್ಲಿ ಬಾಡಿಗೆಗಿದ್ದದ್ದು, ಅಳಬೇಕೆನಿಸಿದರೆ ಅಕ್ಕ ತಂಗಿ ಹೊಳೆಯ ಎರಡು ದಂಡೆಗೆ ಬೇರೆಯಾದದ್ದು, ಅತ್ತೆಯ ಮೇಲೆ ಸಿಟ್ಟಿದ್ದರೆ ಸೊಸೆ ವಕೀಲಳಾಗಿದ್ದದ್ದು. ಅವಳು ಮಾತ್ರ ಒಂದನ್ನೂ ನೋಡಿರಲಿಲ್ಲ. ಥೇಟರಿನ ಕತ್ತಲೆಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು, ಮೊಬೈಲಿನಲ್ಲಿ ಓಡುವ ಚಿತ್ರ ನೋಡಿದರೆ ತಲೆ ತಿರುಗುತ್ತಿತ್ತು. ಅವಳ ಸಿನಿಮಾಗಳೆಲ್ಲ ಮಗ ಪ್ರಭುಲಿಂಗ ಹೇಳಿದವು.

ಒಂದೇ ಕೋಣೆಯಲ್ಲಿ ಎದುರುಬದುರು ಎರಡು ಮಗ್ಗ. ಬಾಗಲಕೋಟೆಯಲ್ಲಿಯೋ ಮೊಬೈಲಿನಲ್ಲಿಯೋ ನೋಡಿ ಬಂದದ್ದನ್ನು ಅವನು ಕುಪ್ಪಸದ ಖಣ ನೇಯುತ್ತ ತಾಯಿಗೆ ಹೇಳುತ್ತಿದ್ದ. ಎರಡು ಮಗ್ಗದ ಸದ್ದನ್ನು ಮೀರಿ ಕೇಳಬೇಕಾದ್ದರಿಂದ ಕೂಗಿ ಹೇಳುತ್ತಿದ್ದ. ಎಳೆ ಹರಿದರೆ ಸಿನಿಮಾವೂ ನಿಲ್ಲಬೇಕು, ಗಂಟು ಹಾಕಿದ ಮೇಲೆಯೇ ಮುಂದಿನದು. ಹೀಗೆ ಒಂದು ಸಿನಿಮಾ ವಾರಗಟ್ಟಲೆ ನಡೆಯುತ್ತಿತ್ತು. ಲಾರಿ ಸಿನಿಮಾ ಅರ್ಧಕ್ಕೆ ಬಂದಿದ್ದಾಗ, ಕಳೆದ ಶ್ರಾವಣದಲ್ಲಿ, ರೇಷ್ಮೆ ತರಲು ಇಳಕಲ್ಲಿಗೆ ಹೋದ ಪ್ರಭುಲಿಂಗ ಹಿಂತಿರುಗುವಾಗ ಹುನಗುಂದದ ಆಚೆ ಬೈಕಿನಿಂದ ಬಿದ್ದು ತೀರಿಕೊಂಡ.

ಅಂದಿನಿಂದ ರಾಮವ್ವ ಬಂದವರಿಗೆಲ್ಲ ಅದೊಂದೇ ಸಿನಿಮಾ ಹೇಳುತ್ತಿದ್ದಳು. ನೋಡ್ರಿ, ಭಾಳ ಚಲೋ ಐತಿ. ನೋಡಿ ಬಂದು ಮುಂದಿಂದು ನನಗ ಹೇಳ್ರಿ. ಮಗ ಬಿಟ್ಟುಹೋದದ್ದರಲ್ಲಿ ಅವಳು ಮುಗಿಸಬಹುದಾದದ್ದು ಅದೊಂದೇ ಇತ್ತು.

ಜೈನಬಿ ಹೋದ ಮೇಲೆ ರಾಮವ್ವ ಒಳಗೆ ನೋಡಿ ಕೂಗಿದಳು. "ಸುರೇಖಾ, ಇವರ್ಯಾರಿಗೂ ನೋಡಾಕ ಬರೂದಿಲ್ಲವ್ವ. ನೀ ಓದಿದಾಕಿ. ನೀನ ಒಮ್ಮೆ ನೋಡಿ ಹೇಳು."

ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕೈ ನಿಂತಿತು. ಇಷ್ಟು ದಿನ ಅತ್ತೆ ಅವಳನ್ನು ಇದೊಂದನ್ನು ಕೇಳಿರಲಿಲ್ಲ. ಸುರೇಖಾ ಕಾಲೇಜಿಗೆ ಹೋಗಿ ಪಾಠ ಹೇಳಿ ಬರುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಮಾತಾಡಿಸಿದರೆ ಮಾತಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಮ್ಮೆಯೂ ಅತ್ತಿರಲಿಲ್ಲ. ಅದನ್ನು ಓಣಿಯವರು ಗಮನಿಸಿದ್ದರು, ಅವಳೂ ಗಮನಿಸಿದ್ದಳು.

"ಆತ್ರಿ ಅತ್ತಿ," ಎಂದಳು.

ರವಿವಾರ ಮಧ್ಯಾಹ್ನ ಹಿಂದಿನ ಪಡಸಾಲೆಯಲ್ಲಿ ಕೂತು ಅವಳು ಮೊಬೈಲಿನಲ್ಲಿ ಸಿನಿಮಾ ನೋಡಿದಳು. ಜೈನಬಿ ಹೇಳಿದ್ದು ಸರಿಯಾಗಿತ್ತು. ಕೆಂಪು ಲಾರಿ, ಡ್ರೈವರ, ಸತ್ತ ತಮ್ಮ. ಲಾರಿ ಒಂದೆಡೆ ಕೆಟ್ಟು ನಿಲ್ಲುವುದೂ ಇತ್ತು. ಡ್ರೈವರ ಇಳಿದು ಗಾಲಿ ನೋಡಿ ಬೈದು ಮತ್ತೆ ಹತ್ತಿದ. ಬಸ್‌ಸ್ಟ್ಯಾಂಡು ಇರಲಿಲ್ಲ, ಯಾವ ಹುಡುಗಿಯೂ ಇರಲಿಲ್ಲ. ಉಳಿದದ್ದನ್ನು ಅವಳು ಓಡಿಸದೆ, ಬಿಡದೆ ನೋಡಿ ಮುಗಿಸಿದಳು.

ಮಗ್ಗದ ಕೋಣೆಗೆ ಬಂದಾಗ ರಾಮವ್ವ ತಲೆ ಎತ್ತಲಿಲ್ಲ. ಕೈ ಮಾತ್ರ ನಿಧಾನವಾಯಿತು.

"ಅದಾಳೇನವ್ವ ಹುಡುಗಿ?"

ಸುರೇಖಾ ಮಗ್ಗದ ಹತ್ತಿರ ಬಂದಳು. "ಅತ್ತಿ, ಅವರು ನಿಮಗ ಹೆಂಗ ಹೇಳಿದ್ರು ಹಂಗ ನನಗ ಹೇಳ್ರಿ. ಲಾರಿ ಕೆಟ್ಟು ನಿಂತಲ್ಲಿಂದ."

"ನೀ ಈಗ ನೋಡಿ ಬಂದಿ, ನನ್ನ ಕೇಳ್ತಿ?" ಎಂದರೂ ರಾಮವ್ವನಿಗೆ ಹೇಳುವ ಆಸೆಯೇ ಇತ್ತು. ಲಾಳಿ ಎಸೆಯುತ್ತ, ಮಗನ ಹಾಗೆಯೇ ಕೂಗಿ ಹೇಳತೊಡಗಿದಳು. "ಲಾರಿ ಕೆಟ್ಟು ನಿಂತೈತಿ. ಸಂತಿ ದಿನ. ಡ್ರೈವರ ಬಸ್‌ಸ್ಟ್ಯಾಂಡಿನಾಗ ಚಾ ಕುಡಕೋಂತ ನಿಂತಾನ. ಅಷ್ಟರಾಗ ಒಂದು ಬಸ್ ಬಂತು. ಒಂದು ಹುಡುಗಿ ಇಳದಳು. ನೀಲಿ ಚೂಡಿದಾರ, ಹೆಗಲಿಗೆ ಚೀಲ, ಚೀಲದ ತುಂಬ ಪುಸ್ತಕ. ಇಳಿಯೂದ ತಡ, ಚಪ್ಪಲಿ ಪಟ್ಟಿ ಕಿತ್ತಿತು. ಉರಿಬಿಸಲು, ಡಾಂಬರ ಕಾದೈತಿ. ಹುಡುಗಿ ಆ ಚಪ್ಪಲಿ ಕೈಯಾಗ ತಗೊಂಡು ಬೆನ್ನ ಹಿಂದ ಮುಚ್ಚಿಟ್ಟಳು. ಕಲ್ಲಂಗಡಿ ಮಾರಾಂವನ ಗೋಣಿತಟ್ಟಿನ ಮ್ಯಾಲ ಒಂದ ಕಾಲಿಲೆ ನಿಂತಳು, ಕೊಕ್ಕರಿ ನಿಂತಂಗ."

ಸುರೇಖಾ ಮಗ್ಗದ ಕಂಬವನ್ನು ಹಿಡಿದುಕೊಂಡಳು.

"ಆಮ್ಯಾಲರಿ?"

"ಆಮ್ಯಾಲ ಯಾರೂ ನೋಡವಲ್ಲರು ಅಂತ ಚಪ್ಪಲಿನ ಮಾರಿ ಮುಂದ ಹಿಡಕೊಂಡು ಬೈಯಾಕ ಹತ್ತಿದಳಂತ. ಸಣ್ಣ ದನಿಲೆ, ಸಾಲಿ ಅಕ್ಕೋರು ಹುಡುಗರಿಗೆ ಬೈದಂಗ. 'ಧಾರವಾಡದಾಗ ಕಿತ್ತುಕೊಳ್ಳಾಕ ಏನಾಗಿತ್ತ ನಿನಗ, ಇಲ್ಲೇ ಬಂದು ಕಿತ್ತುಕೋಬೇಕಿತ್ತೇನ?' ಅಂತ. ಇದನ್ನ ಹೇಳಕೋಂತ ಪ್ರಭು ನಕ್ಕಾ, ನಕ್ಕಾ, ಅವನ ಲಾಳಿ ಜಾರಿ ಕುಣಿಯಾಗ ಬಿತ್ತು ನೋಡು. 'ಅಂಥಾ ಹುಡುಗಿ ಯಾವ ಸಿನಿಮಾದಾಗೂ ಬಂದಿಲ್ಲ ಯವ್ವಾ' ಅಂದ. ಅಷ್ಟಕ್ಕ ಕರೆಂಟ ಹೋತು. ಮುಂದಿಂದು ನಾಳೆ ಅಂದ."

ಅದು ಕೆರೂರ ಬಸ್‌ಸ್ಟ್ಯಾಂಡು. ಎಂ.ಎ. ಓದುತ್ತಿದ್ದ ಸುರೇಖಾ ಧಾರವಾಡದಿಂದ ಬಾದಾಮಿಗೆ, ತನ್ನ ಊರಿಗೆ ಹೊರಟವಳು ಬಸ್ಸು ಬದಲಿಸಲು ಅಲ್ಲಿ ಇಳಿದಿದ್ದಳು. ಗೋಣಿತಟ್ಟಿನ ಮೇಲೆ ನಿಂತದ್ದು ಅವಳಿಗೆ ನೆನಪಿತ್ತು. ಅಪರಿಚಿತನೊಬ್ಬ ಬಂದು ನೆರವಾದದ್ದು ನೆನಪಿತ್ತು. ಮರುವರ್ಷ ಅವಳನ್ನು ನೋಡಲು ಬಂದ ಗಂಡು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಾಗ, ಚಹಾ ಕೊಡುತ್ತ ಅವಳು ಅವನನ್ನು ಗುರುತಿಸಿದ್ದಳು. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಹಿರಿಯರೆದುರು ಮೊದಲೇ ಭೇಟಿಯಾದ ಮಾತು ಬರಬಾರದೆಂದು ಅವಳು ಸುಮ್ಮನಿದ್ದಳು. ಮದುವೆಯ ನಂತರ ಕೇಳಬಹುದಿತ್ತು. ನೆನಪಿಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ. ಹಾಗೇ ವರ್ಷಗಳು ಕಳೆದವು, ಅವನು ಮರೆತಿದ್ದಾನೆಂದೇ ಅವಳು ನಂಬಿದಳು.

ಚಪ್ಪಲಿಗೆ ಬೈದದ್ದು ಅವಳಿಗೇ ಮರೆತುಹೋಗಿತ್ತು. ಈಗ ಅದು ಅತ್ತೆಯ ಬಾಯಿಂದ ಅಕ್ಷರ ಬಿಡದೆ ಬಂದಿತ್ತು. ಅವಳು ಅವನನ್ನು ನೋಡುವ ಮೊದಲೇ ಅವನು ಅಲ್ಲಿದ್ದ. ಚಹಾದ ಅಂಗಡಿಯ ನೆರಳಲ್ಲಿ ನಿಂತು, ಬಸ್ಸಿನಿಂದ ಇಳಿದ ಕ್ಷಣದಿಂದ ನೋಡಿದ್ದ. ನೀಲಿ ಬಣ್ಣವನ್ನು, ಚೀಲದ ಭಾರವನ್ನು, ತುಟಿಯ ಅಲುಗಾಟವನ್ನು ನೋಡಿ ಇಟ್ಟುಕೊಂಡಿದ್ದ. ಒಳಗೆ ಅವಳು ರೊಟ್ಟಿ ಬಡಿಯುತ್ತಿರುವಾಗ ಇಲ್ಲಿ, ಇಷ್ಟು ಗಟ್ಟಿಯಾಗಿ, ಅವಳದೇ ಕತೆ ಹೇಳುತ್ತಿದ್ದ. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ.

ಅವಳು ಕಂಬ ಬಿಟ್ಟು ಕುಣಿಯ ಅಂಚಿಗೆ ಬಂದು ನಿಂತಳು. ಎಷ್ಟೋ ತಿಂಗಳ ಮೇಲೆ ಮೈಯಲ್ಲಿ ಏನೋ ಓಡಾಡುತ್ತಿತ್ತು.

"ಹೇಳವ್ವ, ಅದಾಳೋ ಇಲ್ಲೋ?" ರಾಮವ್ವ ಕೇಳಿದಳು.

"ಸಿನಿಮಾದಾಗ ಇಲ್ಲರಿ ಅತ್ತಿ."

ಲಾಳಿ ನಿಂತಿತು. "ಅಂದ್ರ ಸುಳ್ಳ ಹೇಳಿದ್ನೇನ ನನಗ?"

"ಸುಳ್ಳಲ್ಲರಿ. ಲಾರಿ ಆ ಸಿನಿಮಾದ್ದು. ಹುಡುಗಿನ್ನ ಅವರ ತಂದು ಸೇರಿಸಿದ್ದು."

"ತಾನ ಮಾಡಿ ಹೇಳಿದ್ನಾ?" ರಾಮವ್ವ ಎದುರಿನ ಖಾಲಿ ಮಗ್ಗವನ್ನು ನೋಡಿದಳು. "ಹಂಗಾರ ಉಳದವೂ? ಆ ಹೊಳಿ ದಂಡಿ ಅಕ್ಕ ತಂಗಿ? ನಾ ಓಣಿ ತುಂಬ ಹೇಳೇನಲ್ಲವ್ವ." ನಗು ಬಂದಂತಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗು ಕೆಳಗಿಳಿಸಿದಾಗ ಮುಖ ಬೇರೆಯಾಗಿತ್ತು. "ಅಂದ್ರ ಮುಂದಿಂದು ಯಾರ ಕಡೇನೂ ಇಲ್ಲ. ಆ ಹುಡುಗಿ ಬಿಸಲಾಗ ಒಂಟಿಕಾಲಿಲೆ ಹಂಗ ನಿಲ್ಲಬೇಕು."

"ಮುಂದಿಂದು ನನಗ ಗೊತ್ತೈತ್ರಿ."

ರಾಮವ್ವ ಸೊಸೆಯ ಮುಖ ನೋಡಿದಳು.

"ಹಿಂದಿಂದ ಒಬ್ಬರು ಬಂದು ನಿಂತ್ರು," ಸುರೇಖಾ ಹೇಳತೊಡಗಿದಳು. "ಬಗಲಾಗ ಖಣದ ಗಂಟಿತ್ತು. 'ಕೊಡ್ರಿ ಇಲ್ಲೆ' ಅಂದ್ರು."

"ಯಾರು, ಡ್ರೈವರನ?"

"ಅಲ್ಲರಿ. ನೇಕಾರ. ಕಿಸೇದಾಗಿಂದ ರೇಷ್ಮಿ ಎಳಿ ತಗದು, ನಾಕ ಪದರ ಹೊಸೆದು, ಚಪ್ಪಲಿ ಪಟ್ಟಿಗೆ ಗಂಟ ಹಾಕಿದ್ರು. ಹರದ ಎಳಿಗೆ ನೀವು ಹಾಕ್ತೀರಲ್ಲ, ಅದ ಗಂಟು. ಮಾರಿ ಎತ್ತಿ ನೋಡಲಿಲ್ಲ. ಚಪ್ಪಲಿ ನೆಲದ ಮ್ಯಾಲ ಇಟ್ಟು, 'ಊರ ಮುಟ್ಟೂತನಕ ಏನೂ ಆಗೂದಿಲ್ಲ, ಹೋಗ್ರಿ' ಅಂದ್ರು."

ಪಕ್ಕದ ಮನೆಗಳ ಮಗ್ಗಗಳು ದೂರದಿಂದ ಕೇಳುತ್ತಿದ್ದವು.

"ಆಕಿ ಹಾಕ್ಕೊಂಡ್ಲೇನು?" ರಾಮವ್ವ ಮೆಲ್ಲಗೆ ಕೇಳಿದಳು.

"ಹಾಕ್ಕೊಂಡೆರಿ."

ರಾಮವ್ವನ ಕಣ್ಣುಗಳು ಸೊಸೆಯ ಮುಖದಿಂದ ನಿಧಾನವಾಗಿ ಕೆಳಗಿಳಿದು, ಕುಣಿಯ ಅಂಚಿನಲ್ಲಿ, ತನ್ನ ಕೈಗೆಟಕುವಷ್ಟು ಹತ್ತಿರದಲ್ಲಿದ್ದ ಅವಳ ಬರಿಗಾಲುಗಳ ಮೇಲೆ ನಿಂತವು.