ಏನೂ ಹೇಳಲಿಲ್ರಿ

ಕಿತ್ತೂರಿನ ಹೈವೇ ಬದಿಯ ಒಂದು ಲಾಡ್ಜಿನಲ್ಲಿ ಮಾಯವ್ವ ರೂಮು ಸ್ವಚ್ಛ ಮಾಡುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಮನೆ ಬೈಲಹೊಂಗಲದಲ್ಲಿ. ಮುಂಜಾನೆಯ ಬಸ್ಸಿಗೆ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ಮೊದಲು ಇಪ್ಪತ್ತೆರಡು ರೂಮಿಗೆ ಮೂವರು ಹೆಂಗಸರಿದ್ದರು. ಕೊರೋನಾ ಕಳೆದ ಮೇಲೆ ಮಾಲಕ ಉಳಿದಿಬ್ಬರನ್ನು ಮತ್ತೆ ಕರೆಯಲಿಲ್ಲ. ಮೂವರ ಕೆಲಸ ಒಬ್ಬಳ ಸೊಂಟದ ಮೇಲೆ ಬಿತ್ತು. ಮ್ಯಾನೇಜರ ಮಲಕಾಜಪ್ಪನ ಪಾಡೂ ಅಷ್ಟೇ. ಎರಡೂ ಪಾಳಿ ಒಬ್ಬನೇ ಎಳೆದು ಅವನ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು. ಆದರೂ ಅವನು ದಿನಕ್ಕೊಮ್ಮೆ ಹೇಳುವುದು ತಪ್ಪುತ್ತಿರಲಿಲ್ಲ: "ಗಿರಾಕಿ ಎದುರಿಗೆ ಬಂದ್ರ ನಗನಗ್ತಾ ಇರಬೇಕು ನೋಡವಾ."

ಮಾಗಿಯ ಒಂದು ಮಧ್ಯಾಹ್ನ ಶಂಕರೆಪ್ಪ ಎಂಬ ಹಿರಿಯರು ಬಂದು ರೂಮು ಹಿಡಿದರು. ನಿಪ್ಪಾಣಿಯಿಂದ ಸವದತ್ತಿಯ ಮಗಳ ಮನೆಗೆ ಹೊರಟವರು, ಬಸ್ಸಿನಲ್ಲಿ ಸುಸ್ತಾಗಿ ನಡುವೆಯೇ ಇಳಿದಿದ್ದರು. ಮಾಯವ್ವ ನೀರು ಒಯ್ದಾಗ ಮಂಚದ ಅಂಚಿಗೆ ಕೂತು ಎದೆ ನೀವಿಕೊಳ್ಳುತ್ತಿದ್ದರು.

"ಯವ್ವಾ, ಎದಿ ಹಿಡಕೊಂಡಂಗ ಆಗೇತಿ. ಇಲ್ಲೆ ಡಾಕ್ಟರ್ ಯಾರರ ಅದಾರೇನು?"

ಮಾಯವ್ವ ಕೆಳಗೆ ಓಡಿದಳು. ಕೌಂಟರಿನ ಮುಂದೆ ಮದುವೆಗೆ ಬಂದ ನಲವತ್ತು ಮಂದಿ ಗದ್ದಲ ಹಾಕುತ್ತ ನಿಂತಿದ್ದರು. ಮಲಕಾಜಪ್ಪ ತಲೆ ಎತ್ತದೆ ಅಂದ: "ಗ್ಯಾಸ್ ಆಗಿರತೈತಿ. ಒಂದು ಸೋಡಾ ಕೊಡು. ಮ್ಯಾಲಿನ ಆರು ರೂಮು ಹಂಗ ಬಿದ್ದಾವು, ಲಗೂ ಹಾಸಗಿ ಬದಲಿ ಮಾಡು."

ಅವಳು ಸೋಡಾ ಕೊಟ್ಟಳು. ಶಂಕರೆಪ್ಪ ಎರಡು ಗುಟುಕು ಕುಡಿದು, "ನೀ ಹೋಗವಾ, ನಿನ್ನ ಕೆಲಸ ಕೆಡತೈತಿ" ಎಂದರು. ಆರು ರೂಮು ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಅವಳು ತಿರುಗಿ ಆ ಬಾಗಿಲು ತಟ್ಟಲಿಲ್ಲ.

ಮರುದಿನ ಹತ್ತು ಗಂಟೆಗೆ ತಟ್ಟಿದಳು. ಒಳಗಿನಿಂದ ಉತ್ತರವಿಲ್ಲ. ಇನ್ನೊಂದು ಕೀಲಿಯಿಂದ ತೆಗೆದರೆ, ಶಂಕರೆಪ್ಪ ಬಾಗಿಲ ಕಡೆಗೇ ಮುಖ ಮಾಡಿ ನೆಲದ ಮೇಲೆ ಬಿದ್ದಿದ್ದರು. ಮೈ ತಣ್ಣಗಾಗಿತ್ತು.

ಪೊಲೀಸರು ಬರುವ ಮೊದಲು ಮಲಕಾಜಪ್ಪ ಅವಳನ್ನು ಹಿತ್ತಿಲಿಗೆ ಕರೆದ. "ಮಾಯಕ್ಕಾ, ಅವರು ಡಾಕ್ಟರ್ ಕೇಳಿದ್ರು ಅಂದ್ರ ಇಬ್ಬರದೂ ಅನ್ನಾ ಹೋಗತೈತಿ. ಏನೂ ಹೇಳಿಲ್ಲ ಅನ್ನು."

ಪೊಲೀಸರಿಗೆ ಅವಳು ಹಾಗೆಯೇ ಹೇಳಿದಳು. ಅದು ಅಷ್ಟು ಕಷ್ಟವಾಗಲಿಲ್ಲ. ಮಧ್ಯಾಹ್ನ ಮಗಳು ರಾಜೇಶ್ವರಿ ಸವದತ್ತಿಯಿಂದ ಬಂದು ಮಾಯವ್ವನ ಎರಡೂ ಕೈ ಹಿಡಿದುಕೊಂಡಳು.

"ನಮ್ಮಪ್ಪನ್ನ ಕಡೀಕ ನೋಡಿದಾಕಿ ನೀವಂತ. ಏನರ ಅಂದ್ರೇನ್ರಿ? ತ್ರಾಸ ಪಟ್ರೇನ್ರಿ?"

"ಇಲ್ರಿ ಯವ್ವಾ. ಏನೂ ಹೇಳಲಿಲ್ರಿ. ನಾ ನೋಡಿದಾಗ ಆರಾಮ ಮಲಗಿದ್ರು."

"ಕಡೀ ನೀರು ನಿಮ್ಮ ಕೈಲೆ ಕುಡದ್ರು. ನಿಮ್ಮ ಋಣಾ ತೀರಂಗಿಲ್ರಿ," ಎಂದು ರಾಜೇಶ್ವರಿ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

ಸಂಜೆಯೊಳಗೆ ಆ ರೂಮು ತೊಳೆದು ಹೊಸ ಹಾಸಿಗೆ ಹಾಸಬೇಕಾಯಿತು. ಮದುವೆಯವರು ಇನ್ನೊಂದು ರೂಮು ಕೇಳಿದ್ದರು.

ಅಂದಿನಿಂದ ಮಾಯವ್ವ ಹೊಟ್ಟೆ ತುಂಬ ಉಣ್ಣಲಿಲ್ಲ. ಯಾವ ಬಾಗಿಲು ತಟ್ಟಿದರೂ ಅಂಗೈ ಬೆವರುವುದು; ಒಳಗಿನವರು ಓಗೊಡಲು ತುಸು ತಡಮಾಡಿದರೆ ಅಲ್ಲಿಯೇ ಕುಸಿದು ಕೂಡುವಳು. ಮನೆಯಲ್ಲಿ ಗಂಡ ಲಕ್ಕಪ್ಪ ಮಾತಾಡಿಸಿದರೆ ಗೋಡೆ ನೋಡುವಳು. ಒಂದು ದಿನ ಲಾಡ್ಜಿನ ಪಾಯಖಾನೆ ತಿಕ್ಕುತ್ತಿದ್ದಾಗ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಒಬ್ಬಳೇ ಇದ್ದರೂ ನಗುತ್ತಿದ್ದಳು. ನಿಲ್ಲಿಸಲು ನೋಡಿದಳು, ತುಟಿ ಮಾತು ಕೇಳಲಿಲ್ಲ. ಅಂಜಿ ಚೀರಿದಳು.

ಬಟ್ಟೆ ಒಗೆಯುವ ಮೆಹರುನಬಿ ಓಡಿ ಬಂದು ಅವಳನ್ನು ತಬ್ಬಿಕೊಂಡಳು. "ಇದು ದೆವ್ವಾ ಗಿವ್ವಾ ಅಲ್ಲ ಮಾಯಕ್ಕಾ. ನಮ್ಮ ತಮ್ಮಗೂ ಹಿಂಗ ಆಗಿತ್ತು. ಮನಸಿನ ಡಾಕ್ಟರಿಗೆ ತೋರಿಸೋಣು ನಡಿ."

ಬೈಲಹೊಂಗಲದ ದವಾಖಾನೆಯಲ್ಲಿ ಡಾಕ್ಟರಮ್ಮ ಅರ್ಧ ತಾಸು ನಡುವೆ ಬಾಯಿ ಹಾಕದೆ ಕೇಳಿದಳು. ಗುಳಿಗೆ ಬರೆದುಕೊಟ್ಟು, "ನೀವು ಮಾಡಿದ್ದು ಎಷ್ಟು, ನಿಮ್ಮ ಕಡೆಯಿಂದ ಮಾಡಿಸಿದ್ದು ಎಷ್ಟು ಅನ್ನೋದನ್ನ ಬ್ಯಾರೆ ಮಾಡಿ ನೋಡ್ರಿ," ಎಂದಳು. ಗುಳಿಗೆಯಿಂದ ನಿದ್ದೆ ಬಂತು. ಆ ಲೆಕ್ಕ ಮಾತ್ರ ಬಗೆಹರಿಯಲಿಲ್ಲ.

ಮೂರನೆಯ ತಿಂಗಳು ಅವಳು ರಜೆ ಹಾಕಿ, ವಿಳಾಸ ಕೇಳುತ್ತ ಸವದತ್ತಿಗೆ ಹೋದಳು. ರಾಜೇಶ್ವರಿ ಗುರುತು ಹಿಡಿದು ಚಾಪೆ ಹಾಸಿದಳು, ಚಹಾ ಕೊಟ್ಟಳು. ಮಾಯವ್ವ ಬಸಿ ಮುಟ್ಟದೆ ಎಲ್ಲವನ್ನೂ ಹೇಳಿದಳು.

ರಾಜೇಶ್ವರಿ ದನಿ ಎತ್ತಲಿಲ್ಲ. "ಅಪ್ಪ ತ್ರಾಸ ಇಲ್ದ ಹೋದ ಅಂತ ನಂಬಿ ನಾ ಉಣ್ಣಾಕ ಹತ್ತಿದ್ದೆ. ನಿಮ್ಮ ಎದಿ ಹಗರ ಮಾಡ್ಕೊಳ್ಳಾಕ ಬಂದ್ರಿ. ನನ್ನ ಎದಿ ಎಲ್ಲಿ ಇಡ್ಲಿ?"

ರಾಜೇಶ್ವರಿ ಆರಿದ ಚಹಾದ ಬಸಿ ಎತ್ತಿ ಒಳಗಿಟ್ಟು ಬಂದಳು.

"ಪೊಲೀಸರ ಮುಂದ ಇದನ್ನ ಹೇಳತೀರೇನು?"

"ಹೇಳತೇನ್ರಿ."

ಹೇಳಿದಳು. ಠಾಣೆಯಿಂದ ಹೊರಬಂದ ರಾಜೇಶ್ವರಿ ಅವಳ ಕಡೆ ನೋಡದೆ ಗಾಡಿ ಹತ್ತಿ ಹೋದಳು. ಮಾಲಕ, ನನಗೇನೂ ಗೊತ್ತಿರಲಿಲ್ಲ ಎಂದು ಬರೆದುಕೊಟ್ಟು, ಮಲಕಾಜಪ್ಪನನ್ನೂ ಮಾಯವ್ವನನ್ನೂ ಅದೇ ವಾರ ತೆಗೆದುಹಾಕಿದ. ಕೇಸು ಇನ್ನೂ ನಡೆದಿದೆ.

ಈಗ ಮಾಯವ್ವ ಬೈಲಹೊಂಗಲದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಗುಳಿಗೆ ಅರ್ಧಕ್ಕೆ ಇಳಿದಿದೆ. ಎರಡು ರೊಟ್ಟಿ ಉಣ್ಣುತ್ತಾಳೆ. ಕೆಲವು ದಿನ ಅದೂ ಇಲ್ಲ.

ಮೊನ್ನೆ ಮೆಹರುನಬಿ ಖಾನಾವಳಿಗೆ ಬಂದಿದ್ದಳು. ಸೊರಗಿ ಕಡ್ಡಿಯಾಗಿದ್ದಳು. ಈಗ ಬಟ್ಟೆಯ ಜೊತೆಗೆ ಇಪ್ಪತ್ತೆರಡು ರೂಮೂ ಅವಳ ಪಾಲಿಗೇ ಬಂದಿವೆಯಂತೆ.

"ಬಿಟ್ಟು ಬಾರವಾ," ಎಂದಳು ಮಾಯವ್ವ.

"ಬಿಟ್ಟು ಏನು ತಿನ್ನಲಿ?"

ಮಾಯವ್ವ ಒಲೆಯ ಮೇಲಿನ ರೊಟ್ಟಿ ತೆಗೆದು ಅವಳ ತಾಟಿಗೆ ಹಾಕಿ, ಪಕ್ಕದಲ್ಲಿ ಕೂತಳು. ಒಳಗಿನಿಂದ ಖಾನಾವಳಿಯ ಯಜಮಾನ ಎರಡು ಸಲ ಕೂಗಿದ. ಅವಳು ಏಳಲಿಲ್ಲ. ಮೆಹರುನಬಿ ಉಂಡು ಕೈ ತೊಳೆಯುವ ತನಕ ಅವಳ ಮಗ್ಗುಲಲ್ಲೇ ಕೂತಿದ್ದಳು.